ನಿದ್ದೆ ಸಮೀಕ್ಷೆಗೆ ಐಎಸ್‌ಐ, ಪಿಎಸ್‌ಕ್ಯೂಐ: ರೇಷ್ಮೆ ಊರುಗಳಲ್ಲಿ ಎಷ್ಟು ನಂಬಬಹುದು?

ಶಿಡ್ಲಘಟ್ಟ, ಚಿಂತಾಮಣಿ ಕಡೆ ಮನೆಮನೆಗೆ ಹೋಗಿ ನಿದ್ದೆಯ ಲೆಕ್ಕ ತೆಗೆಯಲು ಹೊರಡುವವರ ಮುಂದೆ ಮುಖ್ಯವಾಗಿ ಎರಡು ಪ್ರಶ್ನಾವಳಿಗಳಿವೆ: ನಿದ್ರಾಹೀನತೆಯ ತೀವ್ರತೆ ಅಳೆಯುವ ಐಎಸ್‌ಐ, ಮತ್ತು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ, 1989ರಲ್ಲಿ ಪ್ರಕಟವಾದ, ನಿದ್ದೆಯ ಗುಣಮಟ್ಟ ಅಳೆಯುವ ಪಿಎಸ್‌ಕ್ಯೂಐ. ನಮ್ಮ ಆಯ್ಕೆ ಐಎಸ್‌ಐ. ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಐಎಸ್‌ಐನಲ್ಲಿ ಏಳೇ ಪ್ರಶ್ನೆ. ಒಂದೊಂದಕ್ಕೆ 0ಯಿಂದ 4 ಅಂಕ, ಒಟ್ಟು 28. ಕೇಳುವುದು ಹಿಂದಿನ ಎರಡು ವಾರದ ಬಗ್ಗೆ. 15 ಮುಟ್ಟಿದರೆ ಮಧ್ಯಮ ಪ್ರಮಾಣದ ತೊಂದರೆ. ಜನಸಮುದಾಯದ ಸಮೀಕ್ಷೆಯಲ್ಲಿ ಮಾತ್ರ 10ನ್ನೇ ಗಡಿಯಾಗಿ ಹಿಡಿಯುವುದುಂಟು. ಯಾವ ಗಡಿ ಹಿಡಿದಿರೆಂದು ವರದಿಯಲ್ಲಿ ಬರೆಯದಿದ್ದರೆ ಎರಡು ತಾಲ್ಲೂಕುಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಲಾಗದು. ಮೂರನೆಯ ಪ್ರಶ್ನೆ, ಬೇಗ ಎಚ್ಚರವಾಗುವುದರ ಬಗ್ಗೆ, ಇಲ್ಲಿ ಎಡವಟ್ಟು ಮಾಡುತ್ತದೆ. ಹಾಲು ಕರೆಯಲು ನಸುಕಿನಲ್ಲಿ ಬೇಕೆಂದೇ ಎದ್ದವರೂ ‘ಹೌದು’ ಅನ್ನುತ್ತಾರೆ. ‘ಎಚ್ಚರವಾದ ಮೇಲೆ ಮಲಗಲು ಹೊತ್ತಿದ್ದರೂ ನಿದ್ದೆ ಬರಲ್ವಾ?’ ಎಂದು ಬಿಡಿಸಿ ಕೇಳಬೇಕು. ಎಷ್ಟು ಗಂಟೆ ಮಲಗುತ್ತೀರಿ ಎಂಬ ಪ್ರಶ್ನೆಯಂತೂ ಇದರಲ್ಲಿ ಇಲ್ಲವೇ ಇಲ್ಲ.

ಆ ಗಂಟೆಗಳ ಲೆಕ್ಕ ಪಿಎಸ್‌ಕ್ಯೂಐನಲ್ಲಿದೆ. 19 ಪ್ರಶ್ನೆ, ಒಂದು ತಿಂಗಳ ನೆನಪು, 0ಯಿಂದ 21 ಅಂಕ, 5 ಮೀರಿದರೆ ನಿದ್ದೆ ಸರಿಯಿಲ್ಲವೆಂದು ಅರ್ಥ. ತೊಡಕಿರುವುದು ಅದು ರಾತ್ರಿಯನ್ನು ಒಂದೇ ತುಂಡಾಗಿ ನೋಡುವುದರಲ್ಲಿ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ರೇಷ್ಮೆ ಹುಳು ಸಾಕುತ್ತಿರುವ ಮನೆ ನೋಡಿ. ಹತ್ತಕ್ಕೆ ಮಲಗಿ, ಹನ್ನೆರಡಕ್ಕೆ ಎದ್ದು ಸೊಪ್ಪು ಹಾಕಿ, ಒಂದೂವರೆಗೆ ಮತ್ತೆ ಒರಗಿ, ಐದಕ್ಕೆ ಏಳುತ್ತಾರೆ. ನಿದ್ದೆ 5 ಗಂಟೆ. ಪ್ರಶ್ನಾವಳಿಯ ಪ್ರಕಾರ ಹಾಸಿಗೆಯಲ್ಲಿ 7 ಗಂಟೆ, ದಕ್ಷತೆ (ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನಿದ್ದೆಯ ಪಾಲು) ಶೇ 71, ಅದಕ್ಕೆ ಅಂಕ 2. ನಿಜಕ್ಕೂ ಹಾಸಿಗೆಯಲ್ಲಿದ್ದದ್ದು 5.5 ಗಂಟೆ, ದಕ್ಷತೆ ಶೇ 91, ಅಂಕ 0. ಇವರಿಗೆ ನಿದ್ದೆ ಬಾರದ ಕಾಯಿಲೆ ಇಲ್ಲ, ಮಲಗಲು ಹೊತ್ತಿಲ್ಲ. ನಿದ್ದೆ ಬಾರದವರಿಗೂ ಇವರಿಗೂ ಒಂದೇ ಹೆಸರು ಕೊಟ್ಟರೆ ಮಲಗಲು ಪುರುಸೊತ್ತಿಲ್ಲದವರಿಗೆ ಗುಳಿಗೆ ಬರೆದುಕೊಟ್ಟಂತಾಗುತ್ತದೆ. ಇದು ಸಣ್ಣ ತಪ್ಪಲ್ಲ.

ಹಾಗಾಗಿ ಐಎಸ್‌ಐ ಜೊತೆಗೆ ಅರ್ಧ ಪುಟ ಸೇರಿಸಿ: ಮಲಗಿದ, ಎದ್ದ ಹೊತ್ತು ತುಂಡುತುಂಡಾಗಿ, ಹಗಲಿನ ಜೊಂಪೂ ಸೇರಿ. ಹೊತ್ತನ್ನು 24 ಗಂಟೆಯ ಲೆಕ್ಕದಲ್ಲೇ ಬರೆಯಿರಿ. ಎದ್ದ ಅಂಕಿ ಮಲಗಿದ್ದಕ್ಕಿಂತ ಚಿಕ್ಕದಾದರೆ 24 ಕೂಡಿಸಿ ಕಳೆಯಬೇಕು, ಇಲ್ಲದಿದ್ದರೆ ಉತ್ತರ ಋಣ ಗಂಟೆಯಾಗಿ ಬರುತ್ತದೆ. ಮನೆಯಲ್ಲಿ ಹುಳು ಇದೆಯೇ, ಎಷ್ಟನೇ ಜ್ವರ, ಪಂಪ್‌ಸೆಟ್‌ಗೆ ತ್ರೀಫೇಸ್ ಕರೆಂಟ್ ರಾತ್ರಿಯೇ, ನರಸಾಪುರ ಕಡೆಯ ಕಾರ್ಖಾನೆಗಳಲ್ಲಿ ನೈಟ್ ಶಿಫ್ಟ್ ಇದೆಯೇ, ಇಷ್ಟಕ್ಕೂ ಒಂದೊಂದು ಖಾನೆ ಬೇಕು.

ಹಗಲು ಹೋದರೆ ಸಿಗುವವರು ವಯಸ್ಸಾದವರೇ ಹೆಚ್ಚು. ಸಂಜೆ ಇನ್ನೊಮ್ಮೆ ಹೋಗಿ. ಸೊಸೆಯನ್ನು ಅತ್ತೆಯ ಎದುರು ಕೇಳಬೇಡಿ. ನಿದ್ದೆಯ ಬಗ್ಗೆ ಎಷ್ಟು ಚಿಂತೆ ಎಂಬ ಪ್ರಶ್ನೆಗೆ ಸೊನ್ನೆಯೇ ಬರುತ್ತದೆ. ಎರಡೂ ಪ್ರಶ್ನಾವಳಿಗಳಿಗೆ ಹಕ್ಕುದಾರರಿದ್ದಾರೆ, ಮುದ್ರಿಸುವ ಮೊದಲೇ ಅನುಮತಿ ಪಡೆಯಿರಿ.