ಗರ್ಭಿಣಿ ತಪಾಸಣೆಗೆ ಯಾವುದು ವಾಸಿ: ಪೋರ್ಟಲ್ಲೋ, ಕ್ಯೂಆರ್ ಕೋಡೋ, ಆಶಾ ಅಕ್ಕನೋ?

ತಂಗಿಯ ತಪಾಸಣೆಗೆಂದು ಸರ್ಕಾರಿ ಆಸ್ಪತ್ರೆಯಲ್ಲಿ ಹೆಸರು ಬರೆಸುವ ಮೂರು ದಾರಿಗಳನ್ನೂ ನೋಡಿದ್ದಾಯಿತು. ಮೂರರಲ್ಲೂ ಕೆಲಸ ಆಗುತ್ತದೆ, ಆದರೆ ಮೂರೂ ಮಾಡುವ ಕೆಲಸ ಬೇರೆ ಬೇರೆ.

ಓಆರ್‌ಎಸ್ ಎಂಬ, ಸರ್ಕಾರಿ ಆಸ್ಪತ್ರೆಗೆ ಆನ್‌ಲೈನಿನಲ್ಲಿ ಹೆಸರು ಬರೆಸುವ ಪೋರ್ಟಲ್ 2015ರಿಂದ ಇದೆ. ರಾಜ್ಯ, ಆಸ್ಪತ್ರೆ, ವಿಭಾಗ, ದಿನಾಂಕ ಆರಿಸಿದರೆ ಮನೆಯಲ್ಲಿ ಕೂತೇ ಅಪಾಯಿಂಟ್‌ಮೆಂಟ್ ಸಿಗುತ್ತದೆ. ಎಲ್ಲ ಆಸ್ಪತ್ರೆಗಳೂ ಅದರಲ್ಲಿಲ್ಲ, ಮೊದಲು ಅದನ್ನು ನೋಡಿಕೊಳ್ಳಿ. ಇದರಿಂದ ತಪ್ಪುವುದು ಓಪಿಡಿ ಚೀಟಿಯ ಸಾಲು ಮಾತ್ರ. ಆಮೇಲೆ ತೂಕ, ಬಿಪಿ, ರಕ್ತ ಪರೀಕ್ಷೆ, ಡಾಕ್ಟರ ಕೋಣೆ, ಒಂದೊಂದಕ್ಕೂ ಒಂದೊಂದು ಸಾಲು. ಮೊಬೈಲಿನ ಮೆಸೇಜು ಅಲ್ಲಿ ಯಾರಿಗೂ ಬೇಕಿಲ್ಲ.

ಆಸ್ಪತ್ರೆಯಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಹೆಸರು ಬರೆಸುವುದು 2022ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಶುರುವಾಗಿ ಇತ್ತ ಬಂದದ್ದು. 14 ಅಂಕಿಯ ಆಭಾ ಸಂಖ್ಯೆ (ಸರ್ಕಾರದ ಆರೋಗ್ಯ ಗುರುತಿನ ಸಂಖ್ಯೆ) ಇರುವ ಆ್ಯಪಿನಿಂದ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು, ವಿಳಾಸ ಕೌಂಟರಿಗೆ ಹೋಗಿ ಟೋಕನ್ ಬರುತ್ತದೆ. ಚುರುಕಾದ ವ್ಯವಸ್ಥೆ. ಆದರೆ ಆಸ್ಪತ್ರೆಗೆ ಹೋದ ಮೇಲೇ ಸ್ಕ್ಯಾನ್ ಮಾಡಬೇಕು, ಹಾಗಾಗಿ ಬೆಳಿಗ್ಗೆ ಬೇಗ ಹೊರಡುವುದು ತಪ್ಪದು.

ಇನ್ನು ಆಶಾ ಅಕ್ಕ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ 9ರಂದು, ನಾಲ್ಕನೇ ತಿಂಗಳಿನಿಂದಾಚೆಯ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಹಿಂದಿನ ಸಂಜೆಯೇ ಅಕ್ಕನ ಫೋನು: "ನಾಳೆ ಒಂಬತ್ತನೇ ತಾರೀಕು ಕಣಮ್ಮ, ತಾಯಿ ಕಾರ್ಡ್ ಮರೀಬೇಡ, ಕಬ್ಬಿಣದ ಮಾತ್ರೆ ತಗೊಳ್ತಿದ್ದೀಯ ತಾನೆ?" ಕಾರ್ಡಿನ ಮೇಲೆ ಕೆಂಪು ಸ್ಟಿಕರ್ ಬಿದ್ದರೆ ಹೆಚ್ಚಿನ ಅಪಾಯದ ಬಸುರಿ ಎಂದರ್ಥ, ಅಂಥವರ ಬೆನ್ನು ಆಕೆ ಬಿಡುವುದಿಲ್ಲ. ಪೋರ್ಟಲಿನಲ್ಲಿ ತಾರೀಕು ತಪ್ಪಿಸಿಕೊಂಡರೆ ಯಾಕೆ ಬರಲಿಲ್ಲ ಎಂದು ಮನೆ ಬಾಗಿಲಿಗೆ ಬಂದು ಕೇಳುವವರು ಯಾರು? ತಿಂಗಳು ತಿಂಗಳೂ ಹೋಗಬೇಕಾದ ಬಸುರಿಗೆ ನಾನು ಆಶಾ ಅಕ್ಕನನ್ನೇ ಹೇಳುವುದು. ಅಷ್ಟು ಓಡಾಟಕ್ಕೆ ಅವರಿಗೆ ಸಿಗುವ ಗೌರವಧನದ ಮಾತು ಇಲ್ಲಿ ಬೇಡ, ಸಿಟ್ಟು ಬರುತ್ತದೆ.

ಆದರೆ ವಂಕಿ (ಕಾಪರ್-ಟಿ) ಹಾಕಿಸಿಕೊಳ್ಳಬೇಕು, ಗರ್ಭ ತೆಗೆಸಬೇಕು ಎನ್ನುವಾಗ ಲೆಕ್ಕ ತಿರುಗುತ್ತದೆ. ಆಶಾ ಅಕ್ಕ ನಮ್ಮ ಬೀದಿಯವಳೇ. ಆಕೆ ಬಾಯಿ ಬಿಡದಿದ್ದರೂ, ಆಕೆ ಮನೆಗೆ ಬಂದು ಹೋದದ್ದನ್ನು ಅತ್ತೆ ನೋಡಿರುತ್ತಾರೆ. ಇಂಥ ಹೊತ್ತಿಗೆ ಪೋರ್ಟಲ್ಲೇ ಸರಿ: ಪಕ್ಕದ ಜಿಲ್ಲೆಯ ಆಸ್ಪತ್ರೆ ಆರಿಸಿ, ಸ್ತ್ರೀರೋಗ ವಿಭಾಗ ಎಂದು ಒತ್ತಿದರಾಯಿತು. 18 ದಾಟಿದ ಹೆಣ್ಣಿಗೆ ಗರ್ಭಪಾತಕ್ಕೆ ಗಂಡನ ಸಹಿ ಬೇಕೆಂದು ಕಾನೂನು ಎಲ್ಲೂ ಹೇಳುವುದಿಲ್ಲ, ಆಕೆಯ ಒಪ್ಪಿಗೆ ಸಾಕು. 20 ವಾರದೊಳಗಾದರೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಆಕೆಯ ಹೆಸರನ್ನು ಡಾಕ್ಟರು ಗುಟ್ಟಾಗಿಡಲೇಬೇಕು. ಬುಕ್ ಮಾಡುವಾಗ ಮಾತ್ರ ಸ್ವಂತ ನಂಬರನ್ನೇ ಕೊಡಿ. ಎಷ್ಟೋ ಮನೆಗಳಲ್ಲಿ ಓಟಿಪಿ ಬರುವುದು ಗಂಡನ ಮೊಬೈಲಿಗೆ.