ಹದಿನಾಲ್ಕು ತಿಂಗಳ ಮಗುವಿಗೆ ಮೈತುಂಬ ಕೆಂಪು ದದ್ದು: ನಮ್ಮ ಬಡಾವಣೆಯ ಮಕ್ಕಳ ಕ್ಲಿನಿಕ್‌ನ ಅನುಭವ

ಮೈಸೂರಿನಲ್ಲಿ ನಮ್ಮ ಮನೆಗೆ ಹತ್ತಿರವಿರುವ ಮಕ್ಕಳ ಕ್ಲಿನಿಕ್‌ಗೆ ಕಳೆದ ಜುಲೈನಲ್ಲಿ ಹದಿನಾಲ್ಕು ತಿಂಗಳ ಮಗಳನ್ನು ಎತ್ತಿಕೊಂಡು ಹೋಗುವ ಹೊತ್ತಿಗೆ ನಮಗೆ ಆಗಲೇ ಎರಡು ಉತ್ತರಗಳು ಸಿಕ್ಕಿದ್ದವು. ಮಗುವಿನ ಎದೆ, ಬೆನ್ನಿನ ಮೇಲೆ ಎದ್ದಿದ್ದ ದದ್ದುಗಳನ್ನು ಕಂಡ ನಮ್ಮ ಅತ್ತೆಯವರು ‘ಅಮ್ಮ ಬಂದಿದೆ’ ಎಂದು ಬೇವಿನ ಸೊಪ್ಪು ತರಿಸಿದ್ದರು. ಮೊಬೈಲ್ ಆ್ಯಪ್ ಒಂದರಲ್ಲಿ ಫೋಟೊ ನೋಡಿದ ವೈದ್ಯರು, ಎರಡು ದಿನದಿಂದ ಕೊಡುತ್ತಿದ್ದ, ಪೆನಿಸಿಲಿನ್ ಗುಂಪಿನ ಆ್ಯಂಟಿಬಯೋಟಿಕ್ ಆದ ಅಮಾಕ್ಸಿಸಿಲಿನ್ ಸಿರಪ್ ಮಗುವಿಗೆ ಒಗ್ಗಿಲ್ಲ, ಇದು ಅಲರ್ಜಿ ಎಂದು ನಾಲ್ಕೇ ನಿಮಿಷದಲ್ಲಿ ತೀರ್ಮಾನಿಸಿದ್ದರು.

ಕ್ಲಿನಿಕ್‌ನ ವೈದ್ಯೆ ದದ್ದನ್ನು ನೋಡುವುದಕ್ಕೆ ಮೊದಲು ಜ್ವರದ ವಿಷಯ ಕೇಳಿದರು. ‘ಜ್ವರ ಬಿಟ್ಟದ್ದು ಯಾವಾಗ, ದದ್ದು ಎದ್ದದ್ದು ಯಾವಾಗ, ನಿಧಾನವಾಗಿ ನೆನಪು ಮಾಡಿಕೊಂಡು ಹೇಳಿ ಅಮ್ಮ’ ಎಂದರು. ಮೂರು ದಿನ 103 ಡಿಗ್ರಿಯವರೆಗೆ ಏರುತ್ತಿದ್ದ ಜ್ವರ ಗುರುವಾರ ರಾತ್ರಿ ಪೂರ್ತಿ ಇಳಿದಿತ್ತು. ಶುಕ್ರವಾರ ಬೆಳಿಗ್ಗೆ ಮೈ ಒರೆಸುವಾಗ ದದ್ದು ಕಣ್ಣಿಗೆ ಬಿದ್ದಿತ್ತು. ಆಮೇಲೆ ಮಗುವಿನ ಬಟ್ಟೆಯನ್ನೆಲ್ಲ ಬಿಚ್ಚಿಸಿ, ಕಿಟಕಿಯ ಬೆಳಕಿಗೆ ತಂದು, ಕಿವಿಯ ಹಿಂದೆ, ಅಂಗೈ, ಅಂಗಾಲು ನೋಡಿ, ಟಾರ್ಚ್ ಹಿಡಿದು ಬಾಯಿಯ ಒಳಗನ್ನೂ ಪರೀಕ್ಷಿಸಿದರು. ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನು ಬೆನ್ನಿನ ಮೇಲೆ ಒತ್ತಿ, ಕೆಂಪು ಮಾಯವಾಗುವುದನ್ನು ನನಗೂ ತೋರಿಸಿದರು. ಒತ್ತಿದಾಗಲೂ ಬಣ್ಣ ಮಾಸದೆ ಉಳಿದರೆ ಅದು ಚರ್ಮದೊಳಗಿನ ರಕ್ತಸ್ರಾವವಿರಬಹುದು, ಅಂಥ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು ಎಂದು ವಿವರಿಸಿದರು.

ಅವರು ಹೇಳಿದ ಹೆಸರು ರೋಸಿಯೋಲಾ. ಹೆಚ್ಚಾಗಿ ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳಿಗೆ, ಹರ್ಪಿಸ್ ಕುಟುಂಬದ ಒಂದು ವೈರಸ್‌ನಿಂದ ಬರುವ ಈ ಕಾಯಿಲೆಯಲ್ಲಿ ಮೂರರಿಂದ ಐದು ದಿನ ಜೋರು ಜ್ವರವಿದ್ದು, ಅದು ಬಿಟ್ಟ ಮೇಲೆ ದದ್ದು ಏಳುತ್ತದೆ. ದಡಾರದಲ್ಲಾದರೆ ಜ್ವರ ಇರುವಾಗಲೇ ಮುಖ ಮತ್ತು ಕಿವಿಯ ಹಿಂದಿನಿಂದ ದದ್ದು ಶುರುವಾಗುತ್ತದೆ, ಕಣ್ಣು ಕೆಂಪಾಗಿ ಮೂಗು ಸೋರುತ್ತದೆ. ನಮ್ಮ ಮಗುವಿಗೆ ಇವು ಯಾವುವೂ ಇರಲಿಲ್ಲ, ಒಂಬತ್ತು ತಿಂಗಳಿಗೆ ದಡಾರದ ಮೊದಲ ಲಸಿಕೆಯೂ ಆಗಿತ್ತು. ನೀರುಗುಳ್ಳೆಗಳು ಇಲ್ಲದ್ದರಿಂದ ಚಿಕನ್‌ಪಾಕ್ಸ್ ಇರಬಹುದೆಂಬ ಅತ್ತೆಯವರ ಅನುಮಾನವೂ ನಿವಾರಣೆಯಾಯಿತು. ಡೆಂಗ್ಯೂವಿನಲ್ಲಿಯೂ ಜ್ವರ ಇಳಿಯುವಾಗ ದದ್ದು ಏಳಬಹುದು ಎಂಬ ಕಾರಣಕ್ಕೆ, ಮಳೆಗಾಲವೂ ಆದ್ದರಿಂದ, ರಕ್ತಪರೀಕ್ಷೆಯನ್ನು ಮಾತ್ರ ಬರೆದುಕೊಟ್ಟರು. ಅದರಲ್ಲಿ ತೊಂದರೆಯೇನೂ ಕಾಣಲಿಲ್ಲ.

ನನಗೆ ಅತ್ಯಂತ ಮುಖ್ಯವೆನಿಸಿದ್ದು ಅಲರ್ಜಿಯ ಬಗ್ಗೆ ಅವರು ತೋರಿದ ಎಚ್ಚರ. ರೋಸಿಯೋಲಾ ಜ್ವರಕ್ಕೆ ಆ್ಯಂಟಿಬಯೋಟಿಕ್ ಕೊಟ್ಟ ಮಗುವಿಗೆ ದದ್ದು ಎದ್ದರೆ ಔಷಧಿಯೇ ಕಾರಣವೆಂದು ಬರೆದುಬಿಡುವುದು ಸುಲಭ, ಒಮ್ಮೆ ಬರೆದರೆ ಆ ಮಗುವಿಗೆ ಪೆನಿಸಿಲಿನ್ ಗುಂಪಿನ ಔಷಧಿಗಳನ್ನು ಮುಂದೆ ಅನಗತ್ಯವಾಗಿ ದೂರವಿಡುತ್ತಾರೆ ಎಂದರು. ಸಿರಪ್ ನಿಲ್ಲಿಸಿದರು, ಏಕೆಂದರೆ ವೈರಸ್ ಕಾಯಿಲೆಗೆ ಅದು ಬೇಕಾಗಿರಲಿಲ್ಲ. ಆದರೆ ಕಡತದಲ್ಲಿ ಅಲರ್ಜಿ ಎಂದು ನಮೂದಿಸಲು ಒಪ್ಪಲಿಲ್ಲ. ಹಚ್ಚುವ ಮುಲಾಮನ್ನೂ ಬರೆಯಲಿಲ್ಲ. ಭಾನುವಾರದ ಹೊತ್ತಿಗೆ ಮೈ ತಿಳಿಯಾಗಿತ್ತು.

ಕೊರತೆಯೊಂದನ್ನು ಹೇಳಲೇಬೇಕು. ಒಂದೂಕಾಲು ಗಂಟೆ ಕಾದೆವು, ಅದನ್ನು ಸಹಿಸಬಹುದು. ದದ್ದು ಎದ್ದ ಮಕ್ಕಳನ್ನೂ ಲಸಿಕೆಗೆ ಬಂದ ಎಳೆಗೂಸುಗಳನ್ನೂ ಒಂದೇ ಬೆಂಚಿನಲ್ಲಿ ಕೂರಿಸುವುದು ಮಾತ್ರ ಸರಿಯಲ್ಲ. ನಮ್ಮ ಮಗಳದು ದಡಾರವಾಗಿದ್ದರೆ ಪಕ್ಕದಲ್ಲಿದ್ದ ಎರಡು ತಿಂಗಳ ಕೂಸಿಗೆ ಗಾಳಿಯಿಂದಲೇ ತಗುಲುವ ಅಪಾಯವಿತ್ತು. ಹೊರಡುವಾಗ ಇದನ್ನು ಸ್ವಾಗತಕಾರರಿಗೆ ತಿಳಿಸಿದೆ. ನೀವು ಹೋಗುವುದಾದರೆ ದದ್ದಿನ ವಿಷಯವನ್ನು ಮುಂಚಿತವಾಗಿ ಫೋನಿನಲ್ಲಿಯೇ ಹೇಳಿ, ಜ್ವರ ಅಳೆದ ಸಮಯಗಳನ್ನು ಬರೆದುಕೊಂಡು, ಕೊಟ್ಟ ಔಷಧಿಗಳ ಬಾಟಲಿಗಳೊಂದಿಗೆ ಹೋಗಿ.