ಜೇಕಿಗೆ ಪಾರದರ್ಶಕ ಹಾಳೆ, ಗರಿಕೆಗೆ ಕಪ್ಪು ಹಾಳೆ

ಹಿತ್ತಿಲಿನ ಪಾತಿಯಲ್ಲಿ ಹಬ್ಬಿದ್ದನ್ನೆಲ್ಲ ಬರೀ ‘ಕಳೆ’ ಅಂದುಕೊಂಡು ಒಂದೇ ಮದ್ದು ಮಾಡಿದರೆ ಅರ್ಧ ಕೂಲಿ ದಂಡ. ಹೂ ಬಿಟ್ಟ ಕಡ್ಡಿಯನ್ನು ಎರಡು ಬೆರಳ ನಡುವೆ ಹೊರಳಿಸಿ ನೋಡಿ. ಮೂರು ಮೂಲೆ ಸಿಕ್ಕರೆ ಅದು ಜೇಕು, ಅಂದರೆ ಕೊನ್ನಾರಿ. ಕಡ್ಡಿ ದುಂಡಗಿದ್ದು, ನೆಲದ ಮೇಲೆ ಹರಿದ ಬಳ್ಳಿ ಗೆಣ್ಣುಗೆಣ್ಣಿಗೂ ಬೇರು ಬಿಟ್ಟಿದ್ದರೆ ಗರಿಕೆ. ಜೇಕಿನ ಬಂಡವಾಳ ಗಡ್ಡೆಯಲ್ಲಿ, ಗರಿಕೆಯದು ಬಳ್ಳಿಯಲ್ಲಿ.

ಗುದ್ದಲಿಯಿಂದ ಅಗೆಯುವುದು ಎಲ್ಲರೂ ಮೊದಲು ಹಿಡಿಯುವ ದಾರಿ. ಗರಿಕೆಗೆ ಅದು ತಕ್ಕಮಟ್ಟಿಗೆ ನಡೆಯುತ್ತದೆ, ತುಂಡುಗಳನ್ನು ಒಂದೂ ಬಿಡದೆ ಆರಿಸಿದರೆ. ಜೇಕಿಗೆ ಮಾತ್ರ ಇದು ಉಪಕಾರ. ಗಡ್ಡೆಗಳು ಸರದ ಹಾಗೆ ಪೋಣಿಸಿಕೊಂಡಿರುತ್ತವೆ. ತುದಿಯ ಗಡ್ಡೆ ಚಿಗುರಿರುವಷ್ಟು ಕಾಲ ಹಿಂದಿನವು ಮಲಗಿರುತ್ತವೆ. ಸರ ಕತ್ತರಿಸಿದ ಕೂಡಲೇ ಮಲಗಿದ್ದವೂ ಏಳುತ್ತವೆ. ಅಗೆಯಲೇಬೇಕಿದ್ದರೆ ಗುದ್ದಲಿ ಬಿಟ್ಟು ಹಲ್ಲಿನ ಫೋರ್ಕ್ ಹಾಕಿ, ಅರ್ಧ ಅಡಿ ಆಳದಿಂದ ಮಣ್ಣು ಸಡಿಲಿಸಿ, ಸರವನ್ನು ಇಡಿಯಾಗಿ ಎಳೆಯಿರಿ. ಬಹುಪಾಲು ಗಡ್ಡೆ ಅಷ್ಟರೊಳಗೇ ಇರುತ್ತದೆ.

ಪ್ಲಾಸ್ಟಿಕ್ ಹಾಳೆಯ ವಿಷಯದಲ್ಲಿ ಎರಡೂ ಗಿಡ ತದ್ವಿರುದ್ಧ. ಕಪ್ಪು ಹಾಳೆಯ ಕೆಳಗೆ ಬೆಳಕಿಲ್ಲದೆ ಗರಿಕೆ ಸೊರಗಿ ಎರಡು ಮೂರು ತಿಂಗಳಲ್ಲಿ ಬಹುಪಾಲು ಸಾಯುತ್ತದೆ, ಅಂಚಿನಿಂದ ನುಸುಳುವ ಬಳ್ಳಿಯನ್ನು ವಾರಕ್ಕೊಮ್ಮೆ ಕಿತ್ತರೆ. ಜೇಕು ಅದೇ ಹಾಳೆಯನ್ನು ಸೂಜಿಯಂತೆ ಚುಚ್ಚಿ ಮೇಲೆ ಬರುತ್ತದೆ. ಕತ್ತಲಲ್ಲಿ ಅದರ ಎಲೆ ಬಿಚ್ಚುವುದಿಲ್ಲ, ಮೊನೆ ಮೊನೆಯಾಗಿಯೇ ಬೆಳೆಯುತ್ತದೆ. ಪಾರದರ್ಶಕ ಹಾಳೆಯಡಿ ಬೆಳಕು ಸಿಕ್ಕೊಡನೆ ಎಲೆ ಬಿಚ್ಚಿಕೊಳ್ಳುತ್ತದೆ, ಚುಚ್ಚಲಾರದೆ ಅಲ್ಲೇ ಬೆಂದುಹೋಗುತ್ತದೆ.

ಆದರೆ ಪಾರದರ್ಶಕ ಹಾಳೆಗೆ ಬಿಸಿಲು ಬೇಕು. ಅರಸೀಕೆರೆ, ಕಡೂರಿನ ಕಡೆ ಮಾರ್ಚ್ ನಡುವಿನಿಂದ ಆರು ವಾರ ಸರಾಗ. ಮಣ್ಣನ್ನು ಕೆದಕಿ, ಮಟ್ಟಮಾಡಿ, ಚೆನ್ನಾಗಿ ನೀರು ಕುಡಿಸಿ, 25ರಿಂದ 50 ಮೈಕ್ರಾನ್ ಹಾಳೆಯನ್ನು ಬಿಗಿಯಾಗಿ ಹಾಸಿ, ನಾಲ್ಕೂ ಅಂಚನ್ನು ಅರ್ಧ ಅಡಿ ಕಾಲುವೆಯಲ್ಲಿ ಹೂಳಬೇಕು. ಒಣ ಮಣ್ಣಿಗೆ ಹಾಸಿದರೆ ಬಿಸಿ ಒಳಗಿಳಿಯದು. ಹಾಳೆ ಹರಿದರೆ ಟೇಪ್ ಹಚ್ಚಿ. ಒಂದು ತೂತು ಸಾಕು ಕಾವು ಸೋರಲು. ಆಳದ ಗಡ್ಡೆ ಹೀಗೂ ಉಳಿಯುತ್ತದೆ, ಆದ್ದರಿಂದ ಹಾಳೆ ತೆಗೆದ ಮೇಲೆ ಮಣ್ಣು ತಿರುವಬಾರದು. ಸಕಲೇಶಪುರ, ಮೂಡಿಗೆರೆಯಲ್ಲಿ ಕಾಫಿಗೆ ವರವಾಗುವ ಹೂಮಳೆ, ಮೋಡ ಈ ಕೆಲಸವನ್ನು ಕೆಡಿಸುತ್ತವೆ. ಅಲ್ಲಿ ಹಾಳೆಗೆ ದುಡ್ಡು ಹಾಕಬೇಡಿ.

ಮಲೆನಾಡಿಗೆ ನೆರಳೇ ಮದ್ದು. ಜೇಕು, ಗರಿಕೆ ಎರಡಕ್ಕೂ ನೆರಳು ಆಗದು. ಎರಡು ಪದರ ರಟ್ಟನ್ನು ಅರ್ಧ ಅಡಿ ಒಂದರ ಮೇಲೊಂದು ಬರುವಂತೆ ಹಾಸಿ, ಮೇಲೆ ಅರ್ಧ ಅಡಿ ದರಗು (ಒಣಗಿ ಉದುರಿದ ಎಲೆ) ಅಥವಾ ಹಳೆಯ ಕಾಫಿ ಹೊಟ್ಟು ಹರಡಿ. ಹೊಸ ಹೊಟ್ಟು ಬಿಸಿಯಾಗುತ್ತದೆ, ಗಿಡದ ಬುಡಕ್ಕೆ ತಾಗಿಸಬೇಡಿ. ಮಳೆಗಾಲದಲ್ಲಿ ರಟ್ಟು ಬೇಗ ಕರಗುತ್ತದೆ. ಅಷ್ಟರೊಳಗೆ ಅಡಿಗೊಂದರಂತೆ ನೆಟ್ಟ ಗೆಣಸಿನ ಬಳ್ಳಿ ನೆಲ ಮುಚ್ಚಿರಬೇಕು. ಅಲಸಂದೆಯೂ ಆದೀತು, ಆದರೆ ಜಡಿಮಳೆಗೆ ಕೊಳೆಯುತ್ತದೆ. ನೆಲ ಮುಚ್ಚುವವರೆಗೆ ಹದಿನೈದು ದಿನಕ್ಕೊಮ್ಮೆ ಜೇಕಿನ ಚಿಗುರು ಕೀಳುವುದು ತಪ್ಪಬಾರದು. ಚಿಗುರಿ ಮೂರ್ನಾಲ್ಕು ವಾರಕ್ಕೆ ಹೊಸ ಗಡ್ಡೆ ಕಟ್ಟಲು ಶುರು. ಅದಕ್ಕೆ ಮೊದಲೇ ಕೀಳುತ್ತಿದ್ದರೆ ಹಳೆಯ ಗಡ್ಡೆ ಸವೆಯುತ್ತದೆ.

ಗ್ಲೈಫೋಸೇಟ್ ಎಂಬ ಕಳೆನಾಶಕ ಜೇಕಿನ ಗಡ್ಡೆಗೆ ಇಳಿಯುವುದು ನಿಜ, ಆದರೆ ಎಲೆ ಇರುವ ಗಡ್ಡೆಗೆ ಮಾತ್ರ, ಮಲಗಿದವು ಬಚಾವ್. ಕೆಸರು ನೀರಿನಲ್ಲಿ, ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಅದರ ಶಕ್ತಿ ಕುಂದುತ್ತದೆ. ಬದನೆ, ಟೊಮೆಟೊ ಎಲೆಗೆ ಹನಿ ತಾಗಿದರೂ ಹಾನಿ. ಇಷ್ಟು ಇಕ್ಕಟ್ಟಿನ ಹಿತ್ತಿಲಿಗೆ ಅದು ಬೇಡ.

ಜೇಕು ಬರುವುದು ಹೆಚ್ಚಾಗಿ ಕೆರೆಗೋಡಿನಲ್ಲಿ (ಕೆರೆಯ ಹೂಳಿನಲ್ಲಿ), ನರ್ಸರಿ ಚೀಲದ ಮಣ್ಣಿನಲ್ಲಿ. ಗೋಡನ್ನು ರಾಶಿ ಹಾಕಿ, ನೀರು ಚಿಮುಕಿಸಿ, ಮೂರು ವಾರ ಕಾದು ಚಿಗುರು ಬಾರದಿದ್ದರೆ ಮಾತ್ರ ಪಾತಿಗೆ ಸುರಿಯಿರಿ. ಗರಿಕೆ ಗಣೇಶನಿಗೆ ಬೇಕೇ ಬೇಕಲ್ಲ, ಅದಕ್ಕೊಂದು ಕುಂಡ ಮೀಸಲಿಡಿ. ಕುಂಡವನ್ನು ಮಾತ್ರ ನೆಲಕ್ಕಿಡದೆ ಕಲ್ಲಿನ ಮೇಲಿಡಿ. ಕಿತ್ತ ಜೇಕಿನ ಗಡ್ಡೆಯನ್ನು ತಿಪ್ಪೆಗೆ ಎಸೆಯದೆ, ತಾರಸಿಯ ಮೇಲೆ ಎರಡು ವಾರ ಸುಡುಬಿಸಿಲಿಗೆ ಹರಡಿ, ಕಲ್ಲಿನಂತಾದ ಮೇಲೆ ಒಲೆಗೆ ಹಾಕಿ.